ಟ್ಯಾಕ್ಸ್ ಕಟ್ಟುವವರು ನೀವೊಬ್ಬರೇ ಅಲ್ಲ

ನಿನ್ನೆ ಮಂಡ್ಯದಲ್ಲಿ ಒಂದು ಮದುವೆ ಊಟ. ಎಲೆಗೆ ನೀರು ಕೊಡಲು ಬಂದ ಹೆಂಗಸಿನ ಎದುರಿಗೇ ಪಕ್ಕದಲ್ಲಿ ಕೂತಿದ್ದ ನೆಂಟರೊಬ್ಬರು, "ಇವರಿಗೇನು ಬಿಡಮ್ಮ, ತಿಂಗಳಿಗೆ ಎರಡು ಸಾವಿರ, ಬಸ್ಸೂ ಫ್ರೀ, ಎಲ್ಲ ನಮ್ಮ ಟ್ಯಾಕ್ಸ್ ದುಡ್ಡು" ಅಂದರು. ಆಕೆಗೆ ಕೇಳಿಸಿತು. ಸುಮ್ಮನೆ ಮುಂದಿನ ಎಲೆಗೆ ಹೋದರು. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಆಕೆ ಟ್ಯಾಕ್ಸ್ ಕಟ್ಟುವುದಿಲ್ಲ ಅಂತ ಯಾರು ಹೇಳಿದ್ದು? ಸೋಪು, ಟೂತ್‌ಪೇಸ್ಟಿಗೆ 2025ರ ಸೆಪ್ಟೆಂಬರ್ ತನಕ 18 ಪರ್ಸೆಂಟ್ ಜಿಎಸ್‌ಟಿ ಇತ್ತು, ಈಗ 5 ಆಗಿದೆ. ಕೋಟ್ಯಧಿಪತಿಗೂ ಆಕೆಗೂ ಒಂದೇ ರೇಟು. ಇನ್ನು 2025ರ ಬಜೆಟ್ ಆದಮೇಲೆ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ದುಡಿಯುವವರೂ ಆದಾಯ ತೆರಿಗೆ ಕಟ್ಟಬೇಕಿಲ್ಲ. ಅದಕ್ಕೆ ಯಾರಾದರೂ ಬಿಟ್ಟಿ ಭಾಗ್ಯ ಅಂತಾರಾ?

ನಮ್ಮ ಮನೆ ಕಥೆಯನ್ನೇ ಹೇಳುತ್ತೇನೆ. ನಮ್ಮ ತಾತ ಗೇಣಿಗೆ ಉಳುತ್ತಿದ್ದವರು. 1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಭೂಸುಧಾರಣೆ ಬಂತು, ತಾತ ಗೇಣಿದಾರರು ಜಮೀನಿನ ಹಕ್ಕು ಕೇಳುವ ಫಾರಂ 7 ಅರ್ಜಿ ಹಾಕಿ ಭೂ ನ್ಯಾಯಮಂಡಳಿಗೆ ಅಲೆದರು, ಉಳುತ್ತಿದ್ದ ಜಮೀನು ಅವರ ಹೆಸರಿಗಾಯಿತು. ಆ ಜಮೀನಿನ ಕಬ್ಬಿನಿಂದಲೇ ನಮ್ಮಪ್ಪ ಓದಿದ್ದು, ಆಮೇಲೆ ನಾನು ಓದಿದ್ದು. ಉಳ್ಳವರಿಂದ ಇಲ್ಲದವರಿಗೆ ಕೊಟ್ಟರೆ ಉಪಯೋಗ ಆಗುತ್ತಾ ಅಂತ ಯಾರಾದರೂ ಕೇಳಿದರೆ ನನಗೆ ಪುಸ್ತಕ ನೋಡುವ ಅಗತ್ಯವೇ ಇಲ್ಲ. ಆ ನೆಂಟರ ಮನೆಗೂ ಜಮೀನು ಬಂದಿದ್ದು ಹಾಗೇ. ನಿನ್ನೆ ಅಷ್ಟು ಜನರ ಮುಂದೆ ಇದನ್ನು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ದುಡ್ಡು ಕೊಟ್ಟು ಜನ ಸೋಮಾರಿಗಳಾದರು, ಕಬ್ಬು ಕಡಿಯಲು ಆಳು ಸಿಗಲ್ಲ" ಅಂತ ಕೆಲವರು ಹೇಳುತ್ತಾರೆ. ತಿಂಗಳಿಗೆ ಎರಡು ಸಾವಿರ ಅಂದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಅಷ್ಟರಲ್ಲಿ ಯಾರು ಮನೆಯಲ್ಲಿ ಕೂತು ಉಣ್ಣುತ್ತಾರೆ? ಆಳು ಸಿಗದಿದ್ದರೆ ಕೂಲಿ ಜಾಸ್ತಿ ಮಾಡಿ. ಗೃಹಲಕ್ಷ್ಮಿ ದುಡ್ಡಲ್ಲಿ ಮಾತ್ರೆ ತರುವ, ಮಕ್ಕಳ ಫೀಸಿಗೆ ಎತ್ತಿಡುವ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ. ಗಂಡನ ಮುಂದೆ ಕೈ ಚಾಚದೆ ಖರ್ಚು ಮಾಡುವುದು ಸಣ್ಣ ಮಾತಲ್ಲ.

ನನ್ನ ತಕರಾರು ಕೊಡುವುದರ ಬಗ್ಗೆ ಅಲ್ಲ, ಯಾರಿಂದ ತಗೋತಾರೆ ಅನ್ನುವುದರ ಬಗ್ಗೆ. ದೊಡ್ಡ ಆಸ್ತಿ ವಾರಸುದಾರರಿಗೆ ಹೋಗುವಾಗ ಹಾಕುತ್ತಿದ್ದ ತೆರಿಗೆ 1985ರಲ್ಲಿ ಹೋಯಿತು. ಸಂಪತ್ತು ತೆರಿಗೆಯನ್ನು 2015ರ ಬಜೆಟ್‌ನಲ್ಲಿ ತೆಗೆದರು. 2019ರಲ್ಲಿ ಕಂಪನಿಗಳ ತೆರಿಗೆಯನ್ನು 30ರಿಂದ 22 ಪರ್ಸೆಂಟ್‌ಗೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಕೈಬಿಡುತ್ತದೆ ಅಂತ ಕೇಂದ್ರ ಸರ್ಕಾರವೇ ಹೇಳಿತು. ನಮ್ಮ ರಾಜ್ಯದ ಐದೂ ಗ್ಯಾರಂಟಿಗೆ ವರ್ಷಕ್ಕೆ ಬೇಕಿರುವುದು ಸುಮಾರು 50 ಸಾವಿರ ಕೋಟಿ. ಆದರೆ ರಾಜ್ಯಕ್ಕೆ ದುಡ್ಡು ಸಾಲದೇ ಹೋದಾಗ ಏನಾಯಿತು? 2024ರ ಜೂನ್‌ನಲ್ಲಿ ಪೆಟ್ರೋಲು, ಡೀಸೆಲ್ಲು ಲೀಟರಿಗೆ ಸುಮಾರು 3 ರೂಪಾಯಿ ಏರಿತು. 2025ರ ಜನವರಿಯಲ್ಲಿ ಬಸ್ ಟಿಕೆಟ್ 15 ಪರ್ಸೆಂಟ್ ಏರಿತು. ಮದುವೆ ಮನೆಯಲ್ಲಿ ನೀರು ಕೊಟ್ಟ ಆಕೆ ಬಸ್ಸಿಗೆ ಟಿಕೆಟ್ ಕೊಡಬೇಕಿಲ್ಲ, ಸರಿ. ಕೂಲಿಗೆ ಹೋಗುವ ಆಕೆಯ ಗಂಡ ಕೊಡಲೇಬೇಕಲ್ವಾ?

ಮೇಲಿನವರ ತೆರಿಗೆ ಜಾಸ್ತಿ ಮಾಡಲಿ, ಅದನ್ನು ಆಕೆಯ ಖಾತೆಗೆ ಗೊತ್ತಾದ ತಾರೀಖಿಗೆ ಹಾಕಲಿ. ತಿಂಗಳುಗಟ್ಟಲೆ ಬಾಕಿ ಇಟ್ಟು ಆಮೇಲೆ ಒಟ್ಟಿಗೆ ಹಾಕುವುದು ಬೇಡ. ನಮ್ಮ ಸಂಬಳ ನಾಲ್ಕು ದಿನ ತಡವಾದರೆ ನಾವು ಸುಮ್ನೆ ಇರುತ್ತೇವಾ?