ಬಸುರಿಯರು ಓಡಾಡೋ ಮೆಟ್ಟಿಲಿಗೆ ಒಂದು ಕಂಬಿ ಹಾಕ್ಸೋಕೆ ಆಗಲ್ವಾ?

"ನೋಡ್ಕೊಂಡು ನಡೀಬಾರ್ದೇನಮ್ಮಾ?"

ಮೊನ್ನೆ ಮಡಿಕೇರಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸ್ಕ್ಯಾನಿಂಗ್ ಮುಗಿಸಿ ಹೊರಗೆ ಬರ್ತಾ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಎಬ್ಬಿಸೋಕೂ ಮೊದಲು ಅಲ್ಲಿನವರ ಬಾಯಿಂದ ಬಂದ ಮಾತು ಇದು. ಏಳು ತಿಂಗಳು ತುಂಬಿದೆ ನನಗೆ. ತಲೆ ಬಗ್ಗಿಸಿದರೆ ಹೊಟ್ಟೆ ಕಾಣುತ್ತೆ, ಕಾಲು ಕಾಣಲ್ಲ. ಭಾರವೆಲ್ಲ ಮುಂದಕ್ಕೆ ಎಳೆಯುತ್ತೆ, ಸೊಂಟದ ಕೀಲುಗಳು ಸಡಿಲಾಗಿವೆ. ಬಸುರಿಯರ ಸ್ಕ್ಯಾನಿಂಗ್ ಮಾಡೋರಿಗೆ ಇದನ್ನ ನಾನು ಹೇಳಿಕೊಡಬೇಕಾ?

ಪಾಲಿಶ್ ಹಾಕಿದ ಗ್ರಾನೈಟ್ ಮೆಟ್ಟಿಲು. ಅಂಚಿನಲ್ಲಿ ಪಾಚಿ. ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಹಾಸಿದ ಗೋಣಿಚೀಲ ಕೂಡ ಇಲ್ಲ. ಕಕ್ಕಡದ (ಆಟಿ ತಿಂಗಳ) ಮಳೆ ಕೊಡಗಿಗೆ ಹೊಸದಾ? ಜೂನ್ ಬಂತಂದ್ರೆ ನಮ್ಮ ಮನೆ ಅಂಗಳದ ಪಾಚೀನೇ ನಾವು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೆಗೀತೀವಿ.

ಮನೆಗೆ ಬಂದರೆ ಇನ್ನೊಂದು ಥರ. "ರಕ್ತ ಹೋಗಿಲ್ವಲ್ಲ, ಸುಮ್ನೆ ಮಲ್ಕೋ." ಮೆಟ್ಟಿಲ ಅಂಚು ಹೊಟ್ಟೆಯ ಪಕ್ಕಕ್ಕೆ ತಾಗಿತ್ತು, ನನಗೆ ಸಮಾಧಾನ ಆಗ್ಲಿಲ್ಲ. ಹಟ ಹಿಡಿದು ಆಸ್ಪತ್ರೆಗೆ ಹೋದೆ. ಡಾಕ್ಟರು ಬೈದದ್ದು ಮನೆಯವರನ್ನ. ಪೆಟ್ಟು ಬಿದ್ದು ಮಾಸು (ಪ್ಲಾಸೆಂಟಾ) ಗರ್ಭಕೋಶದಿಂದ ಬಿಟ್ಟುಕೊಂಡರೆ ರಕ್ತ ಒಳಗೇ ನಿಲ್ಲಬಹುದಂತೆ, ಹೊರಗೆ ಹನಿಯೂ ಕಾಣದೆ. ಮೊದಲ ಮೂರು ತಿಂಗಳಲ್ಲಾದ್ರೆ ಗರ್ಭಕೋಶ ಸೊಂಟದ ಎಲುಬಿನ ಒಳಗೇ ಇರುತ್ತೆ, ಈಗ ಆ ರಕ್ಷಣೆ ಇಲ್ಲ. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ನೋಡಿದರು. ಒಂದೊಂದು ಸಲ ಆ ಟಕಟಕ ತಪ್ಪಿದಾಗ ನನ್ನ ಉಸಿರೇ ನಿಂತ ಹಾಗಾಗ್ತಿತ್ತು. ಬೆಲ್ಟ್ ಸರಿದಿತ್ತು ಅಷ್ಟೇ, ಆದರೆ ಅದು ನನಗೆ ಹೇಗೆ ಗೊತ್ತಾಗಬೇಕು?

ನನ್ನ ರಕ್ತದ ಗುಂಪು ನೆಗೆಟಿವ್. ಮಗುವಿನ ರಕ್ತ ನನ್ನದರಲ್ಲಿ ಬೆರೆತಿರಬಹುದು, ನನ್ನ ಮೈ ಅದರ ವಿರುದ್ಧ ತಿರುಗಿಬೀಳಬಾರದು ಅಂತ ಆಂಟಿ-ಡಿ ಇಂಜೆಕ್ಷನ್ ಕೊಟ್ಟರು, ಅದನ್ನ 72 ಗಂಟೆಯೊಳಗೆ ಕೊಡಬೇಕಂತೆ. ಮನೆಯವರ ಮಾತು ಕೇಳಿ ಮಲಗಿದ್ದರೆ? ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ಬಿದ್ದ ಬಸುರಿಗೆ ಹೊಟ್ಟೆನೋವು, ನೀರು ಹೋಗೋದು, ಮಗುವಿನ ಒದೆತ ಕಮ್ಮಿ ಆಗೋದು, ಯಾವುದಿದ್ರೂ ದಯವಿಟ್ಟು ಮಲಗಿಸಬೇಡಿ, ಕರ್ಕೊಂಡು ಹೋಗಿ. ಏನೂ ಇಲ್ಲದಿದ್ರೂ ಒಮ್ಮೆ ತೋರಿಸಿ.

ಮಗು ಚೆನ್ನಾಗಿದೆ. ನಿನ್ನೆ ನನ್ನ ಗಂಡ ಆ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ಕಂಬಿ ಹಾಕಿಸಿ ಅಂತ ಕೇಳಿದ್ರು. "ಮಳೆ ನಿಲ್ಲಲಿ, ನೋಡೋಣ" ಅಂದ್ರಂತೆ. ಮಳೆ ನಿಲ್ಲೋವರೆಗೆ ಆ ಮೆಟ್ಟಿಲು ಹತ್ತೋ ಹೆಂಗಸರು ಯಾರ ಕೈ ಹಿಡ್ಕೊಳ್ಳಬೇಕು?