ಪಿಆರ್ ಬಂತ್ರೀ, ಪೇಢೆ ತಗೋರಿ

ಬೆಟಗೇರಿಯ ನಮ್ಮ ಓಣಿಯಲ್ಲಿ ಮೊನ್ನೆ ಸಂಜೆ ಮೂಲಿಮನಿ ಕಾಕು ಪೇಢೆ ಡಬ್ಬಿ ಹಿಡಿದು ಮನೆಮನೆ ತಿರುಗಿದರು. "ನಮ್ಮ ಹುಡುಗಗ ಪಿಆರ್ ಬಂತ್ರೀ!" ಹುಡುಗ ಇರುವುದು ಕೆನಡಾದಲ್ಲಿ, ಅಲ್ಲಿ ಕಾಯಂ ನೆಲೆಸುವ ಪರವಾನಗಿಗೆ ಪಿಆರ್ ಅಂತಾರೆ. ಆದರೆ ಓಣಿಯ ನಿವೃತ್ತ ಎಂಜಿನಿಯರ್ ಕಾಕಾಗೆ ಪಿಆರ್ ಅಂದರೆ ಪಂಚಾಯತ್ ರಾಜ್, ಮುಗೀತು. ಪೇಢೆ ಬಾಯಿಗಿಟ್ಟುಕೊಂಡು, "ಭಾಳ ಚಲೋ ಆತು. ಪೋಸ್ಟಿಂಗ್ ಎಲ್ಲಿ? ರೋಣನೋ, ಶಿರಹಟ್ಟಿನೋ?" ಅಂದರು.

ಅವರದೇನೂ ತಪ್ಪಿಲ್ಲ. ಪಂಚಾಯತ್ ರಾಜ್ ಹೆಸರಲ್ಲಿ ವಿಶ್ವವಿದ್ಯಾಲಯವನ್ನೇ ಇಟ್ಟುಕೊಂಡ ಊರು ಗದಗ. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಅದು ಬೇರೆ ಮಾತು. ಅಡುಗೆ ಕಲಿಸಲು ಕಾಲೇಜು ತೆರೆದು ಒಲೆಗೆ ಬೀಗ ಜಡಿದಂಗ.

ಸುಮ್ಮನಿರಬೇಕಾದ ನಾನು ಬಾಯಿ ಹಾಕಿದೆ. "ಪಿಆರ್ ಅಂದ್ರ ಪ್ರಮಾಣಾನುಗುಣ ಪ್ರಾತಿನಿಧ್ಯನೂ ಹೌದ್ರಿ. ಬಿದ್ದ ವೋಟಿಗೆ ತಕ್ಕಷ್ಟು ಸೀಟು. ನೇಪಾಳದಾಗ 275ರಲ್ಲಿ 110 ಸೀಟು ಹಂಗ ಹಂಚತಾರ. ಜರ್ಮನಿಯೊಳಗ ನೂರಕ್ಕ ಐದು ವೋಟೂ ಬೀಳದ ಪಕ್ಷವನ್ನ ಸಾಮಾನ್ಯವಾಗಿ ಹೊಸ್ತಿಲ ಹೊರಗ ನಿಂದರಸ್ತಾರ."

"ನಮ್ಮಲ್ಲಿ?" ಅಂದರು ಕಾಕು.

ನಮ್ಮಲ್ಲಿ ಯಾರು ಮುಂದೋ ಅವರಿಗೆ ಇಡೀ ಸೀಟು. 2018ರಲ್ಲಿ ಬಿಜೆಪಿಗೆ ನೂರಕ್ಕೆ 36 ವೋಟು, ವಿಧಾನಸಭೆಯಲ್ಲಿ 104 ಸೀಟು. ಅದಕ್ಕಿಂತ ನೂರಕ್ಕೆ ಎರಡು ವೋಟು ಹೆಚ್ಚು ಪಡೆದ ಕಾಂಗ್ರೆಸ್ ಸೀಟಿನಲ್ಲಿ ಹಿಂದೆ. 2023ರಲ್ಲಿ ಬಿಜೆಪಿಗೆ ಅದೇ 36, ಸೀಟು 66. ಕಾಂಗ್ರೆಸ್ಸಿಗೆ ನೂರಕ್ಕೆ 43ರ ಆಸುಪಾಸು, ಸೀಟು 135.

ಕಾಕು ಲೆಕ್ಕ ಹಾಕಿದರು. "ಅಷ್ಟ ಹಿಟ್ಟು, ಅಷ್ಟ ಎಣ್ಣಿ. ಒಮ್ಮೆ 104 ಮಿರ್ಚಿ, ಒಮ್ಮೆ 66 ಅಂದ್ರ ಅಡಿಗಿಯಾಂವನ್ನ ಸುಮ್ನ ಬಿಡ್ತಿದ್ರೇನು?"

ಹಾಗಂತ ಈ ಪಿಆರ್ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಂವಿಧಾನದಲ್ಲೇ ಇದೆ. ಶಾಸಕರು ರಾಜ್ಯಸಭೆಗೆ ಸದಸ್ಯರನ್ನು ಆರಿಸುವುದು ಇದೇ ಪದ್ಧತಿಯಲ್ಲಿ. ಒಂದನೇ ಆಯ್ಕೆ, ಎರಡನೇ ಆಯ್ಕೆ, ಒಬ್ಬರಿಗೆ ಮಿಕ್ಕದ್ದು ಇನ್ನೊಬ್ಬರಿಗೆ. ಅವರ ವೋಟು ಗುಂಜಿಯಷ್ಟೂ ಪೋಲಾಗಬಾರದು. ನಮ್ಮದು ಚೀಲಗಟ್ಟಲೆ ಸೋರಿದರೂ ನಡೆಯುತ್ತದೆ.

ಮರುದಿನ ಮೊಮ್ಮಗಳ ಜವಳದ ಪತ್ರಿಕೆ ಹಾಕಿಸಲು ಪ್ರೆಸ್ಸಿಗೆ ಹೋಗಿದ್ದೆ. ಗದಗ ಮುದ್ರಣ ಕಾಶಿ, ಅಲ್ಲಿ ಸರತಿ ತಪ್ಪದು. ನನ್ನ ಮುಂದಿದ್ದ ಹುಡುಗ ವಿಸಿಟಿಂಗ್ ಕಾರ್ಡ್ ಕೊಟ್ಟ. ಹೆಸರಿನ ಕೆಳಗೆ ಮತ್ತೆ ಅದೇ: ಪಿಆರ್. ಸಾಹೇಬರ ಪ್ರಚಾರ ಇವನ ಕೈಯಲ್ಲಂತೆ. ಕಂಪ್ಯೂಟರಿನಲ್ಲಿ ಸಾಹೇಬರ ಹುಟ್ಟುಹಬ್ಬದ ಫ್ಲೆಕ್ಸ್ ತಯಾರಾಗುತ್ತಿತ್ತು. ನಡುವೆ ಕೈಮುಗಿದ ಸಾಹೇಬರು, ಸುತ್ತ ಅಭಿಮಾನಿಗಳ ಮಾರಿಗಳು. ಕೆಲವು ರೊಟ್ಟಿಯಷ್ಟು, ಕೆಲವು ಪೂರಿಯಷ್ಟು, ಅಂಚಿಗೆ ಪಾನಿಪೂರಿಯಷ್ಟು.

"ಇದ್ಯಾವ ಲೆಕ್ಕಪಾ?"

"ಪಟ್ಟಿ ಕೊಟ್ಟದ್ದರ ಲೆಕ್ಕರೀ ಕಾಕಾ. ಐದು ಸಾವಿರಕ್ಕ ಈ ಸೈಜು, ಎರಡಕ್ಕ ಇದು. ಐದನೂರಕ್ಕಿಂತ ಕಡಿಮಿ ಕೊಟ್ರ ಮಾರಿ ಹಾಕಂಗಿಲ್ಲ."

ಜರ್ಮನಿಯವರ ಹೊಸ್ತಿಲು ಬೆಟಗೇರಿಗೆ ಬಂದಿದೆ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಅವನ ಫೋನು ಟಿಂಗ್ ಅಂತು. "ಇವ್ರು ಇನ್ನೂ ಮೂರು ಸಾವಿರ ಹಾಕ್ಯಾರ ನೋಡು" ಅಂದ. ಡಿಸೈನಿನವನು ಪೂರಿಯೊಂದರ ಮೂಲೆ ಹಿಡಿದು ಎಳೆದ. ಅದು ರೊಟ್ಟಿಯಾಯಿತು. ಪಕ್ಕದಲ್ಲಿದ್ದ ಪಾನಿಪೂರಿ ಫ್ಲೆಕ್ಸಿನಿಂದ ಹೊರಗೆ ಬಿತ್ತು.