ಮುಖ ಗುರುತು ಸಿಗದ ದೊಡ್ಡಪ್ಪ

ಅಪರೂಪದ ಕಾಯಿಲೆಗಳ ಬಗ್ಗೆ ನೀವು ಬರೆದ ಲೇಖನದಲ್ಲಿ ಪ್ರೊಸೊಪಾಗ್ನೋಸಿಯಾವನ್ನು, ಅಂದರೆ ಮುಖ ನೋಡಿದರೂ ಯಾರೆಂದು ಗುರುತು ಸಿಗದ ಸ್ಥಿತಿಯನ್ನು, ಎರಡೇ ಸಾಲಲ್ಲಿ ಮುಗಿಸಿದ್ದೀರಿ. ಬದಿಯಡ್ಕದ ಹತ್ತಿರ ಇರುವ ನಮ್ಮ ದೊಡ್ಡಪ್ಪನಿಗೆ ಹುಟ್ಟಿನಿಂದಲೇ ಇದಿದೆ.

ಕಣ್ಣು ಚೆನ್ನಾಗಿದೆ. ಅಡಿಕೆ ರಾಶಿಯಲ್ಲಿ ಒಂದು ಕೊಳೆತದ್ದಿದ್ದರೂ ಹೆಕ್ಕಿ ತೆಗೆಯುತ್ತಾರೆ. ಆದರೆ ಮಗಳು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನೇ "ಯಾವ ಬಸ್ಸಿಗೆ ಕಾಯ್ತಾ ಇದ್ದೀರಿ?" ಅಂತ ಕೇಳಿದ್ದರು! ಅವಳು "ಅಪ್ಪಾ" ಅಂದ ಮೇಲೆ, ಸ್ವರ ಕೇಳಿ, ಗೊತ್ತಾಯಿತು. ಸ್ವರ, ನಡಿಗೆ, ಕೂದಲು, ಇದರಲ್ಲೇ ಅವರ ಲೆಕ್ಕಾಚಾರ. ಯಕ್ಷಗಾನದಲ್ಲಿ ಮಾತ್ರ ತೊಂದರೆಯೇ ಇಲ್ಲ. ಕಿರೀಟ, ಮುಖವರ್ಣಿಕೆ ನೋಡಿದ ಕೂಡಲೇ ಇಂಥ ಪಾತ್ರ ಅನ್ನುತ್ತಾರೆ. ವೇಷ ಕಳಚಿ ಅದೇ ಕಲಾವಿದ ಚಹಾ ಕುಡಿಯಲು ಬಂದರೆ ಮತ್ತೆ ಅಪರಿಚಿತ.

ಊರಲ್ಲಿ "ಅವರಿಗೆ ಜಂಬ ಜಾಸ್ತಿ, ಎದುರು ಸಿಕ್ಕಿದರೂ ಮಾತಾಡುವುದಿಲ್ಲ" ಅಂತ ಸುಮ್ನೆ ಹೆಸರು ಕೆಡಿಸಿದ್ದರು. ಪಾಪ, ಅಲ್ವಾ? ಹಾಗೆ ನೋಡಿದರೆ ಚಿಂಪಾಂಜಿಗಳ ಅಧ್ಯಯನ ಮಾಡಿದ ಜೇನ್ ಗುಡಾಲ್ ಅವರಿಗೂ ಇದಿತ್ತು.

ಇದು ಮರೆವಿನ ಕಾಯಿಲೆ ಅಲ್ಲ. ಮುಖ ಗುರುತಿಸುವ ಕೆಲಸ ಮಾಡುವ ಮಿದುಳಿನ ಕೆಳಭಾಗದ, ಹೆಚ್ಚಾಗಿ ಬಲಬದಿಯ, ಒಂದು ಜಾಗದ ತೊಂದರೆ. ಕೆಲವರಿಗೆ ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟಾದ ಮೇಲೂ ಬರುತ್ತದೆ. ಜರ್ಮನಿಯ ವೈದ್ಯ ಬೋಡಾಮರ್ 1947ರಲ್ಲಿ ಈ ಹೆಸರಿಟ್ಟರು. ಇದಕ್ಕೆ ಮದ್ದಿಲ್ಲ.

ಈಗ ಮದುವೆಮನೆಗೆ ಹೋದರೆ ದೊಡ್ಡಮ್ಮ ಪಕ್ಕದಲ್ಲೇ ನಿಂತು, ಎದುರು ಬಂದವರ ಹೆಸರನ್ನು ಮೆಲ್ಲಗೆ ಕಿವಿಯಲ್ಲಿ ಹೇಳುತ್ತಾರೆ.